ಮಾರಾಟಗಾರರ ಮಾತನ್ನೇ ನೆಚ್ಚಿಕೊಳ್ಳದೆ ಕಾರ್ ಸ್ಟೀರಿಯೊ ಆರಿಸುವುದು ಹೇಗೆ?

ಪ್ರಶ್ನೆ: ಮೈಸೂರಿನ ಕೇಳುಗ

ನಮ್ಮಲ್ಲಿರುವುದು 2014ರ ಒಂದು ಸಣ್ಣ ಹ್ಯಾಚ್‌ಬ್ಯಾಕ್ ಕಾರು. ಅದರ ಜೊತೆಗೇ ಬಂದ ಸ್ಟೀರಿಯೊದಲ್ಲಿ ಬ್ಲೂಟೂತ್ ಇಲ್ಲ, ಯುಎಸ್‌ಬಿ ಈಚೆಗೆ ಕೆಲಸ ಮಾಡುತ್ತಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಡಬಲ್ ಡಿನ್ (ಎರಡು ಪಟ್ಟು ಎತ್ತರದ ಸ್ಟೀರಿಯೊ ಕೂರುವ) ಜಾಗವಿದೆ. ಕೆಲಸದ ನಿಮಿತ್ತ ಆಗಾಗ ಬೆಂಗಳೂರಿಗೆ ಹೋಗಿಬರುವ ನಾನು ಊರಿನೊಳಗೆ ಆಕಾಶವಾಣಿ ಮೈಸೂರಿನ 100.6 ಕೇಳುತ್ತೇನೆ, ಹೆದ್ದಾರಿಯಲ್ಲಿ ಫೋನಿನಲ್ಲಿರುವ ಕರ್ನಾಟಕ ಸಂಗೀತ, ಭಾವಗೀತೆ ಮತ್ತು ವಚನಗಾಯನ ಕೇಳುತ್ತೇನೆ. ಕಾರಿನ ಗಾಜು ನಡುಗುವಷ್ಟು ಸದ್ದು ನನಗೆ ಬೇಡ. ಹಾಡುವವರ ಸಾಹಿತ್ಯ ಅಕ್ಷರಕ್ಷರ ಕೇಳಬೇಕು, ಮೃದಂಗದ ಬಲಗೈಯ ನಾದ ಎಡಗೈಯ ಗುಮ್ಮಿನಲ್ಲಿ ಮುಳುಗಬಾರದು, ಕರೆ ಬಂದಾಗ ಎದುರಿನವರಿಗೆ ನನ್ನ ಮಾತು ತಿಳಿಯಬೇಕು.

ಮೂರು ಅಂಗಡಿಗಳಲ್ಲಿ ಮೂರು ಬಗೆಯ ಉಪದೇಶ ಸಿಕ್ಕಿತು. ಒಬ್ಬರು “ಇದು 50 ವಾಟ್ × 4, ಇದಕ್ಕಿಂತ ಪವರ್ ಬೇರೆ ಯಾವುದರಲ್ಲೂ ಇಲ್ಲ” ಎಂದರು. ಇನ್ನೊಬ್ಬರು 9 ಇಂಚಿನ ಆಂಡ್ರಾಯ್ಡ್ ಪ್ಲೇಯರ್ ತೋರಿಸಿ ಅದರ ರ್‍ಯಾಮ್ ಎಷ್ಟು ಜಿಬಿ ಎಂಬುದನ್ನೇ ವರ್ಣಿಸಿದರು. ಮೂರನೆಯವರು ನಾಲ್ಕೂ ಸ್ಪೀಕರ್ ಬದಲಿಸದೆ ಸ್ಟೀರಿಯೊ ಹಾಕಿದರೆ ಹಣ ವ್ಯರ್ಥವೆಂದರು. ಮೂವರೂ ಹೊಗಳಿದ್ದು ತಮ್ಮ ದಾಸ್ತಾನಿನಲ್ಲಿದ್ದ ಸರಕನ್ನೇ. ಈ ನಡುವೆ ನ್ಯೂಜೆರ್ಸಿಯಲ್ಲಿರುವ ತಮ್ಮ, ಅಲ್ಲಿಂದಲೇ ಒಂದನ್ನು ತಂದುಕೊಡುವೆನೆನ್ನುತ್ತಿದ್ದಾನೆ. ಅಳವಡಿಕೆಯೂ ಸೇರಿ 25,000 ರೂಪಾಯಿ ಎತ್ತಿಟ್ಟಿದ್ದೇನೆ. ಯಾವ ಮಾದರಿ ಕೊಳ್ಳಬೇಕೆಂದು ಕೇಳುತ್ತಿಲ್ಲ. ಅಂಗಡಿಯವರ ನೆರವಿಲ್ಲದೆ ನಾನೇ ಏನನ್ನು ಓದಿ, ಏನನ್ನು ಪರೀಕ್ಷಿಸಿ ತೀರ್ಮಾನಕ್ಕೆ ಬರಬಹುದು ಎಂಬುದನ್ನು ತಿಳಿದವರು ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಓಮ್ ನಿಯಮ

ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವ ಅಂಕಿ ವಾಟ್ ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಪೆಟ್ಟಿಗೆಯ ಮೇಲಿನ “50 ವಾಟ್ × 4” ಎಂಬುದು ಕಟ್ಟುಕತೆಯಲ್ಲ, ಆದರೆ ನೀವು ಕೇಳುವ ಸಂಗೀತಕ್ಕೆ ಅದರಿಂದ ಏನೂ ತಿಳಿಯುವುದಿಲ್ಲ. ಎಂಜಿನ್ ಓಡುತ್ತಿರುವಾಗ ಕಾರಿನ ವಿದ್ಯುತ್ ಒತ್ತಡ ಸುಮಾರು 14.4 ವೋಲ್ಟ್ ಇರುತ್ತದೆ ಮತ್ತು ಸಾಮಾನ್ಯ ಸ್ಟೀರಿಯೊದೊಳಗಿನ ಆಂಪ್ಲಿಫೈಯರ್ ಚಿಪ್ ಈ ಒತ್ತಡವನ್ನು ಮೀರಿ ಸ್ಪೀಕರಿಗೆ ಏನನ್ನೂ ಕೊಡಲಾರದು. ಕಾರಿನ ಸ್ಪೀಕರ್ ಸಾಮಾನ್ಯವಾಗಿ 4 ಓಮ್ ಆಗಿರುತ್ತದೆ. 14.4ರ ವರ್ಗವನ್ನು 4ರಿಂದ ಭಾಗಿಸಿದರೆ ಸುಮಾರು 52 ಬರುತ್ತದೆ; ಪೆಟ್ಟಿಗೆಯ ಮೇಲಿನ 50 ಹುಟ್ಟುವುದು ಇಲ್ಲಿಯೇ. ಆದರೆ ಅಷ್ಟು ಶಕ್ತಿ ಹೊರಬರಬೇಕಾದರೆ ಧ್ವನಿಯ ಅಲೆಯ ಮೇಲುತುದಿ ಕೆಳತುದಿಗಳೆರಡೂ ಚಪ್ಪಟೆಯಾಗಿ ಕತ್ತರಿಸಿಹೋಗಿರಬೇಕು, ಎಂದರೆ ಹಾಡು ಕೇಳಲಾಗದಷ್ಟು ಕರ್ಕಶವಾಗಿರಬೇಕು. ಅಲೆ ದುಂಡಗೆ ಉಳಿದಿರುವಾಗ ಲೆಕ್ಕದ ಪ್ರಕಾರ ಸಿಗುವುದು ಹೆಚ್ಚೆಂದರೆ 26 ವಾಟ್, ಚಿಪ್ಪಿನೊಳಗಿನ ನಷ್ಟ ಕಳೆದ ಮೇಲೆ 18ರಿಂದ 22 ವಾಟ್. ಒಳ್ಳೆಯ ಹೆಸರಿನ ಯಾವ ಕಂಪನಿಯದನ್ನು ತೆಗೆದುಕೊಂಡರೂ ಕೈಪಿಡಿಯ ಕೊನೆಯ ಪುಟಗಳಲ್ಲಿ ಆರ್‌ಎಂಎಸ್ (ನಿರಂತರವಾಗಿ ಕೊಡಬಲ್ಲ ಶಕ್ತಿ) ಎಂಬ ಪದದ ಮುಂದೆ ಇದರ ಆಸುಪಾಸಿನ ಅಂಕಿಯೇ ಇರುತ್ತದೆ. ಸಿಟಿಎ-2006 ಎಂಬ ಅಳತೆಯ ಕ್ರಮವನ್ನು (ಮೊದಲು ಇದನ್ನು ಸಿಇಎ-2006 ಎನ್ನುತ್ತಿದ್ದರು) ನಮೂದಿಸಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಆ ಕ್ರಮದಲ್ಲಿ 14.4 ವೋಲ್ಟ್, 4 ಓಮ್, ಶೇ. 1ಕ್ಕಿಂತ ಹೆಚ್ಚಿಲ್ಲದ ವಿಕೃತಿ (ದನಿ ಕೆಡುವ ಪ್ರಮಾಣ) ಎಂಬ ಷರತ್ತುಗಳು ಎಲ್ಲರಿಗೂ ಒಂದೇ ಆಗಿರುತ್ತವೆ.

ಕೈಪಿಡಿ ಸಿಗದಿದ್ದರೆ ಸ್ಟೀರಿಯೊದ ಹಿಂಬದಿಯ ಫ್ಯೂಸ್ ನೋಡಿ. ಅದು 10 ಆಂಪಿಯರ್ ಆಗಿದ್ದರೆ 14.4 ವೋಲ್ಟ್‌ನಲ್ಲಿ ಒಳಗೆ ಬರಬಹುದಾದ ಒಟ್ಟು ವಿದ್ಯುತ್ 144 ವಾಟ್. ಪರದೆ, ರೇಡಿಯೊ, ಬಿಸಿಯಾಗಿ ಪೋಲಾಗುವ ಭಾಗ ಎಲ್ಲವೂ ಇದರಲ್ಲೇ ಆಗಬೇಕು. ಅಂಥ ಸ್ಟೀರಿಯೊ 200 ವಾಟನ್ನು ನಿರಂತರವಾಗಿ ಹೊರಗೆ ಕೊಡಲು ಸಾಧ್ಯವೇ ಇಲ್ಲ.

ಇನ್ನೂ ಮುಖ್ಯವಾದುದು, 18 ವಾಟ್ ಮತ್ತು 22 ವಾಟ್‌ಗಳ ನಡುವಿನ ಅಂತರ ಸದ್ದಿನ ಮಟ್ಟದ ಅಳತೆಯಾದ ಡೆಸಿಬಲ್‌ನಲ್ಲಿ ಒಂದಕ್ಕಿಂತಲೂ ಕಡಿಮೆ. ಹಾಡು ಕೇಳುತ್ತಿರುವ ಯಾರಿಗೂ ಅದು ಗೊತ್ತಾಗುವುದಿಲ್ಲ. ಆದ್ದರಿಂದ ವಾಟ್ ಕಾಲಮ್ಮನ್ನು ಬದಿಗಿಟ್ಟು ನಿಮ್ಮ ಉದ್ದೇಶಕ್ಕೆ ಬೇಕಾದ ಬೇರೆ ಮೂರು ಸಂಗತಿಗಳನ್ನು ಹುಡುಕಿ. ಮೊದಲನೆಯದು ಹೈ-ಪಾಸ್ ಫಿಲ್ಟರ್. ಬಾಗಿಲಿನ ಸಣ್ಣ ಸ್ಪೀಕರಿಗೆ 80 ಅಥವಾ 100 ಹರ್ಟ್ಸ್‌ಗಿಂತ ಕೆಳಗಿನ ಮಂದ್ರವನ್ನು ಕಳುಹಿಸದೆ ತಡೆದರೆ ಅದರ ಕೋನ್ ಅನಗತ್ಯವಾಗಿ ಓಲಾಡುವುದು ನಿಂತು ದನಿ ತಿಳಿಯಾಗುತ್ತದೆ. ನೀವು ಹೇಳಿದ ಮೃದಂಗದ ತೊಂದರೆಗೆ ಇದೇ ಮೊದಲ ಮದ್ದು. ಎರಡನೆಯದು ಟೈಮ್ ಅಲೈನ್‌ಮೆಂಟ್. ನಮ್ಮಲ್ಲಿ ಚಾಲಕ ಬಲಗಡೆ ಕೂರುವುದರಿಂದ ಬಲಬಾಗಿಲಿನ ಸ್ಪೀಕರ್ ಕಿವಿಗೆ ಹತ್ತಿರ, ಎಡಗಡೆಯದು ದೂರ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಎರಡರ ನಡುವೆ ಅರ್ಧ ಮೀಟರ್ ಅಂತರವಿದ್ದರೆ ಎಡಗಡೆಯ ದನಿ ಸುಮಾರು 1.5 ಮಿಲಿಸೆಕೆಂಡ್ ತಡವಾಗಿ ಬರುತ್ತದೆ, ಹಾಡುವವರು ಬಲಬಾಗಿಲಿಗೆ ಅಂಟಿಕೊಂಡು ನಿಂತಂತೆ ಕೇಳುತ್ತದೆ. ಹತ್ತಿರದ ಸ್ಪೀಕರನ್ನು ಅಷ್ಟೇ ಹೊತ್ತು ತಡೆದು ನುಡಿಸುವ ಸೌಲಭ್ಯ ಇದು. ಮೂರನೆಯದು ಬೇರೆಬೇರೆ ಕಂಪನಾಂಕಗಳ ಸದ್ದನ್ನು ಏರಿಳಿಸುವ ಈಕ್ವಲೈಸರ್: ಬರೀ ಬಾಸ್, ಟ್ರೆಬಲ್ ಇರುವುದಕ್ಕಿಂತ ಹೆಚ್ಚು ಬ್ಯಾಂಡ್‌ಗಳಿರುವುದು ಲೇಸು, ಏಕೆಂದರೆ ಮಾತಿನ ಸ್ಪಷ್ಟತೆ ನಡುವಿನ ಕಂಪನಾಂಕಗಳಲ್ಲಿ ಇದೆ. ಪ್ರೀ-ಔಟ್ (ಹೊರಗಿನ ಆಂಪ್ಲಿಫೈಯರಿಗೆ ಸಂಕೇತ ಕಳುಹಿಸುವ ಕಿಂಡಿ) 2 ವೋಲ್ಟೋ 4 ವೋಲ್ಟೋ ಎಂಬ ಚರ್ಚೆ ಮುಂದೆ ಪ್ರತ್ಯೇಕ ಆಂಪ್ಲಿಫೈಯರ್ ಹಾಕಿಸುವವರಿಗೆ ಮಾತ್ರ.

ಉತ್ತರ: ಹುಬ್ಬಳ್ಳಿ ವೈರಿಂಗ್

ಕಾರುಗಳ ವೈರಿಂಗ್ ಕೆಲಸ ಮಾಡುವವನಾಗಿ ಎರಡು ಮಾತು ಸೇರಿಸುತ್ತೇನೆ. ಡಬಲ್ ಡಿನ್ ಎಂದರೆ ಮುಂಭಾಗ 180 ಮಿ.ಮೀ. ಅಗಲ, 100 ಮಿ.ಮೀ. ಎತ್ತರ; ಸಿಂಗಲ್ ಡಿನ್ ಆದರೆ ಎತ್ತರ 50 ಮಿ.ಮೀ. ಈ ಅಳತೆ ಅಂತರರಾಷ್ಟ್ರೀಯ ಮಾನಕದ್ದಾದ್ದರಿಂದ ಕಂಪನಿ ಬದಲಾದರೂ ಬದಲಾಗುವುದಿಲ್ಲ. ಆಳ ಮಾತ್ರ ಮಾದರಿಯಿಂದ ಮಾದರಿಗೆ ಬೇರೆ. ಸಿಡಿ ಇಲ್ಲದ ಈಗಿನ ಮಾದರಿಗಳು ಹೆಚ್ಚಾಗಿ ಮೋಟಾಗಿರುತ್ತವೆ, ಹಿಂದೆ ವೈರುಗಳ ಕಟ್ಟಿಗೆ ಜಾಗ ಉಳಿಯುತ್ತದೆ. 9 ಅಥವಾ 10 ಇಂಚಿನ ಪರದೆಗೆ ಕಾರಿನ ಮಾದರಿಗೆ ತಕ್ಕ ಫ್ರೇಮ್ ಬೇಕಾಗುತ್ತದೆ. ಅದು ಏಸಿಯ ಕಿಂಡಿಯನ್ನೋ ಹಜಾರ್ಡ್ ಗುಂಡಿಯನ್ನೋ ಮರೆಮಾಡುತ್ತದೆಯೇ ಎಂದು ಕಾರಿನಲ್ಲೇ ಹಿಡಿದು ನೋಡಿರಿ.

ವೈರ್ ಕತ್ತರಿಸಿ ಟೇಪ್ ಸುತ್ತುವ ಕೆಲಸಕ್ಕೆ ಒಪ್ಪಲೇಬೇಡಿ. ನಿಮ್ಮ ಕಾರಿನ ಮಾದರಿ ಮತ್ತು ವರ್ಷಕ್ಕೆ ಹೊಂದುವ ಕಪ್ಲರ್ (ವೈರ್ ಕತ್ತರಿಸದೆ ಸಿಕ್ಕಿಸುವ ಜೋಡಣೆ) ಇದೆಯೇ ಎಂದು ಬೆಲೆ ಕೇಳುವ ಮೊದಲೇ ಕೇಳಿ. ಕಪ್ಲರಿನಿಂದ ಕಪ್ಲರಿಗೆ ಜೋಡಿಸಿದರೆ ನಾಳೆ ಹಳೆಯದನ್ನೇ ಮರಳಿ ಹಾಕಲೂಬಹುದು. ಬಣ್ಣಗಳನ್ನು ತಿಳಿದಿದ್ದರೆ ಕೆಲಸದವರ ಪಕ್ಕದಲ್ಲಿ ನಿಂತು ನೀವೇ ಗಮನಿಸಬಹುದು. ಕಾರಿನ ಜೊತೆ ಬಾರದೆ ಬೇರೆಯಾಗಿ ಕೊಳ್ಳುವ ಸ್ಟೀರಿಯೊಗಳಲ್ಲಿ ಸಾಮಾನ್ಯವಾಗಿ ಹಳದಿ ವೈರ್ ಬ್ಯಾಟರಿಯಿಂದ ಸದಾ ಬರುವ 12 ವೋಲ್ಟ್, ಕೆಂಪು ಕೀಲಿ ತಿರುಗಿಸಿದಾಗ ಬರುವ ವಿದ್ಯುತ್, ಕಪ್ಪು ಅರ್ತ್. ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಅದೇ ಬಣ್ಣದ ಮೇಲೆ ಕಪ್ಪು ಗೆರೆಯಿದ್ದರೆ ಅದು ಋಣ. ಹಳದಿ ಕೆಂಪು ಅದಲುಬದಲಾದರೆ ಪ್ರತಿ ಸಲ ಕೀಲಿ ತೆಗೆದಾಗ ಗಡಿಯಾರವೂ ಉಳಿಸಿಟ್ಟ ಸ್ಟೇಷನ್‌ಗಳೂ ಅಳಿಸಿಹೋಗುತ್ತವೆ. ಎರಡನ್ನೂ ಒಟ್ಟಿಗೆ ಸದಾ ಬರುವ ವಿದ್ಯುತ್ತಿಗೆ ಕಟ್ಟಿದರೆ ಸ್ಟೀರಿಯೊ ಕೀಲಿಯೊಂದಿಗೆ ಆರುವುದಿಲ್ಲ, ಬ್ಯಾಟರಿ ಸೋರುತ್ತದೆ.

ನೀವು ರೇಡಿಯೊ ಕೇಳುವವರಾದ್ದರಿಂದ ನೀಲಿ ವೈರಿನ ಬಗ್ಗೆ ಬಿಡಿಸಿ ಹೇಳುತ್ತೇನೆ. ಈಗಿನ ಅನೇಕ ಕಾರುಗಳ ಛಾವಣಿಯ ಮೋಟು ಆಂಟೆನಾದ ಬುಡದಲ್ಲಿ ಒಂದು ಪುಟ್ಟ ಬೂಸ್ಟರ್ ಇರುತ್ತದೆ, ಅದಕ್ಕೆ ವಿದ್ಯುತ್ ಹೋಗಬೇಕಾದದ್ದು ಈ ನೀಲಿ ವೈರಿನಿಂದ. ಅದನ್ನು ಜೋಡಿಸದೆ ಬಿಟ್ಟರೆ ಊರಿನ ನಡುವೆ ಎಫ್‌ಎಂ ಹೇಗೋ ಕೇಳುತ್ತದೆ, ಊರು ದಾಟುತ್ತಿದ್ದಂತೆ ಕೊರಕೊರ ಶುರುವಾಗುತ್ತದೆ. “ಹೊಸ ಸ್ಟೀರಿಯೊದ ರೇಡಿಯೊ ಚೆನ್ನಾಗಿಲ್ಲ” ಎಂದು ನನ್ನ ಬಳಿಗೆ ಬರುವ ಕಾರುಗಳಲ್ಲಿ ಮೊದಲು ನೋಡುವುದು ಇದನ್ನೇ. ಕೆಲವು ಯುರೋಪಿನ ಕಂಪನಿಗಳ ಕಾರುಗಳಲ್ಲಿ ಈ ವಿದ್ಯುತ್ ಆಂಟೆನಾದ ಕೇಬಲ್ಲಿನ ಮೂಲಕವೇ ಹೋಗಬೇಕು, ಅದಕ್ಕೆ ಬೇರೆ ಅಡಾಪ್ಟರ್ ಇದೆ.

ಉತ್ತರ: ಹಡ್ಸನ್ ದಡದಿಂದ

ನಾನೂ ನ್ಯೂಜೆರ್ಸಿಯಲ್ಲೇ ಇದ್ದೇನೆ. ನಿಮ್ಮ ತಮ್ಮನವರ ಪ್ರೀತಿ ದೊಡ್ಡದು, ಆದರೂ ಇಲ್ಲಿಂದ ತರಿಸಬೇಡಿ ಎಂದೇ ಹೇಳುತ್ತೇನೆ. ಕಾರಣ ನಿಮ್ಮ 100.6. ಅಮೆರಿಕದಲ್ಲಿ ಎಫ್‌ಎಂ ಕೇಂದ್ರಗಳು 0.2 ಮೆಗಾಹರ್ಟ್ಸ್ ಅಂತರದಲ್ಲಿದ್ದು ದಶಾಂಶ ಯಾವಾಗಲೂ ಬೆಸ ಅಂಕಿಯಾಗಿರುತ್ತದೆ. ಇಲ್ಲಿನ ಕ್ರಮಕ್ಕೆ ಹೊಂದಿಸಿದ ಟ್ಯೂನರ್ 100.5ಕ್ಕೆ ನಿಲ್ಲುತ್ತದೆ, ಅಲ್ಲಿಂದ 100.7ಕ್ಕೆ ಜಿಗಿಯುತ್ತದೆ. ಬೆಂಗಳೂರಿನ 101.3, 102.9 ಸಿಕ್ಕೀತು, ಮೈಸೂರು ಸರಿಯಾಗಿ ಸಿಗದು. ಮೀಡಿಯಂ ವೇವ್‌ನಲ್ಲೂ ಇದೇ ಕತೆ: ಇಲ್ಲಿನ ಹೆಜ್ಜೆ 10 ಕಿಲೋಹರ್ಟ್ಸ್, ಭಾರತದ್ದು 9, ಬೆಂಗಳೂರು ಆಕಾಶವಾಣಿಯ 612 ಆಗಲಿ ಧಾರವಾಡದ 765 ಆಗಲಿ 10ರ ಹೆಜ್ಜೆಗೆ ಸಿಗುವ ಸಂಖ್ಯೆಗಳಲ್ಲ. ಕೆಲವು ಮಾದರಿಗಳ ಮೆನುವಿನಲ್ಲಿ ಪ್ರದೇಶ ಬದಲಿಸುವ ಆಯ್ಕೆ ಇರುತ್ತದೆ, ಕೆಲವಲ್ಲಿ ಇರುವುದಿಲ್ಲ; ಕೈಪಿಡಿ ನೋಡದೆ ತರಿಸಬಾರದು. ಜೊತೆಗೆ ಇಲ್ಲಿನ ಮಾದರಿಗಳ ಬೆಲೆಯಲ್ಲಿ ಎಚ್‌ಡಿ ರೇಡಿಯೊ, ಸಿರಿಯಸ್ ಎಕ್ಸ್‌ಎಂ ಉಪಗ್ರಹ ರೇಡಿಯೊ ಮುಂತಾದವು ಸೇರಿರುತ್ತವೆ. ಅವೆರಡೂ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ವಾರಂಟಿಯೂ ಸಾಮಾನ್ಯವಾಗಿ ಮಾರಿದ ದೇಶಕ್ಕೆ ಸೀಮಿತ.

ಉತ್ತರ: ಶ್ರುತಿಪೆಟ್ಟಿಗೆ

ಮೊದಲ ಉತ್ತರದ ಲೆಕ್ಕಗಳನ್ನು ಒಪ್ಪುತ್ತೇನೆ, ಆದರೆ ಕ್ರಮವನ್ನು ಒಪ್ಪುವುದಿಲ್ಲ. ಗಾಯನ ಕೇಳುವವರಿಗೆ ಸ್ಟೀರಿಯೊಕ್ಕಿಂತ ಮುಂಬಾಗಿಲಿನ ಎರಡು ಸ್ಪೀಕರ್‌ಗಳು ತರುವ ಬದಲಾವಣೆ ಹೆಚ್ಚು. ಮೂರನೆಯ ಅಂಗಡಿಯವರ ಮಾತಿನಲ್ಲಿ ಅರ್ಧ ಸತ್ಯವಿದೆ: ನಾಲ್ಕನ್ನೂ ಬದಲಿಸಬೇಕಿಲ್ಲ, ಮುಂದಿನ ಜೋಡಿ ಸಾಕು, ಹಿಂದಿನವನ್ನು ಹಾಗೆಯೇ ಬಿಟ್ಟು ಫೇಡರನ್ನು (ಸದ್ದನ್ನು ಮುಂದೆ ಹಿಂದೆ ಹಂಚುವ ಸೆಟ್ಟಿಂಗ್) ಮುಂದಕ್ಕೆ ಸರಿಸಿದರಾಯಿತು. ಸ್ಪೀಕರಿನಲ್ಲೂ ವಾಟ್ ಓದಬೇಡಿ. ಅದು ಸ್ಪೀಕರ್ ತಡೆದುಕೊಳ್ಳುವ ಶಕ್ತಿಯೇ ಹೊರತು ಕೊಡುವ ಶಕ್ತಿಯಲ್ಲ. ಓದಬೇಕಾದದ್ದು ಸೆನ್ಸಿಟಿವಿಟಿ. 1 ವಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದಾಗ 91 ಡೆಸಿಬಲ್ ಕೊಡುವ ಸ್ಪೀಕರ್, 88 ಕೊಡುವುದಕ್ಕಿಂತ ಅರ್ಧದಷ್ಟೇ ವಿದ್ಯುತ್ತಿನಲ್ಲಿ ಅಷ್ಟೇ ಸದ್ದು ಮಾಡುತ್ತದೆ. 20 ವಾಟ್‌ನ ಸ್ಟೀರಿಯೊ ಇರುವವರಿಗೆ ಇದು ದೊಡ್ಡ ಲಾಭ. ಒಂದು ಎಚ್ಚರಿಕೆ: ಕೆಲವರು 1 ವಾಟ್ ಬದಲು 2.83 ವೋಲ್ಟ್ ಎಂದು ಬರೆಯುತ್ತಾರೆ. 4 ಓಮ್ ಸ್ಪೀಕರಿಗೆ 2.83 ವೋಲ್ಟ್ ಎಂದರೆ 2 ವಾಟ್, ಅಂಕಿ ತಾನಾಗಿಯೇ 3 ಡೆಸಿಬಲ್ ಏರಿರುತ್ತದೆ. ಹೋಲಿಸುವಾಗ ಅದನ್ನು ಕಳೆಯಿರಿ.

ಆಂಡ್ರಾಯ್ಡ್ ಪ್ಲೇಯರ್ ಮತ್ತು ಆಂಡ್ರಾಯ್ಡ್ ಆಟೊ ಬೇರೆಬೇರೆ ಎಂಬುದನ್ನು ಅಂಗಡಿಗಳಲ್ಲಿ ಬಿಡಿಸಿ ಹೇಳುವುದಿಲ್ಲ. ಮೊದಲನೆಯದು ಡ್ಯಾಶ್‌ಬೋರ್ಡಿಗೆ ಸಿಕ್ಕಿಸಿದ ಟ್ಯಾಬ್ಲೆಟ್. ಎರಡನೆಯದರಲ್ಲಿ ಕೆಲಸವೆಲ್ಲ ನಿಮ್ಮ ಫೋನಿನದು, ಸ್ಟೀರಿಯೊ ಬರೀ ಪರದೆ ಮತ್ತು ದನಿ; ಫೋನ್ ಹೊಸದಾದರೆ ಕಾರಿನಲ್ಲಿ ಕಾಣುವುದೂ ಹೊಸದಾಗುತ್ತದೆ. ಹೆಸರಿಲ್ಲದ ಕಂಪನಿಗಳ ಪ್ಲೇಯರ್‌ಗಳಲ್ಲಿ ಸೆಟ್ಟಿಂಗ್ಸ್ ಪುಟದ ಆಂಡ್ರಾಯ್ಡ್ ಆವೃತ್ತಿಯನ್ನೂ ರ್‍ಯಾಮ್ ಅಂಕಿಯನ್ನೂ ಬೇಕಾದಂತೆ ತಿದ್ದಿಟ್ಟಿರುವುದುಂಟು. ಸಿಪಿಯು-ಝಡ್ ಅಥವಾ ಐಡಾ64 ಎಂಬ ಉಚಿತ ಆ್ಯಪ್ ಹಾಕಿ ಎಪಿಐ ಮಟ್ಟ (ಪ್ರತಿ ಆಂಡ್ರಾಯ್ಡ್ ಆವೃತ್ತಿಗೂ ಇರುವ ಒಳಸಂಖ್ಯೆ) ನೋಡಿ: ಆಂಡ್ರಾಯ್ಡ್ 10 ನಿಜವಾಗಿದ್ದರೆ 29 ಇರಬೇಕು, 13 ಆಗಿದ್ದರೆ 33. ಆ್ಯಪ್ ಹಾಕಲು ಅಂಗಡಿಯವರು ಬಿಡದಿದ್ದರೆ ಅಲ್ಲಿಂದ ಹೊರಟುಬಿಡಿ.

ಕನ್ನಡ ಅಕ್ಷರಗಳ ವಿಷಯ ನನಗೆ ಬಹಳ ಮುಖ್ಯ, ನಿಮಗೂ ಇರಬಹುದು. ಅನೇಕ ಸ್ಟೀರಿಯೊಗಳಿಗೆ ಕನ್ನಡ ಲಿಪಿ ತಿಳಿಯದು. ಪೆನ್ ಡ್ರೈವ್‌ನಲ್ಲಿರುವ ಹಾಡಿನ ಹೆಸರು ಕನ್ನಡದಲ್ಲಿದ್ದರೆ ಪರದೆಯ ಮೇಲೆ ಬರೀ ಚೌಕಗಳು ಮೂಡುತ್ತವೆ. ಒತ್ತಕ್ಷರವಿರುವ ಒಂದೆರಡು ಹೆಸರುಗಳ ಹಾಡುಗಳನ್ನು ಪೆನ್ ಡ್ರೈವ್‌ಗೆ ಹಾಕಿಕೊಂಡು ಹೋಗಿ ನೋಡಿ. ಆಂಡ್ರಾಯ್ಡ್ ಆಟೊದಲ್ಲಿ ಅಕ್ಷರ ಮೂಡಿಸುವುದು ಫೋನೇ ಆದ್ದರಿಂದ ಅಲ್ಲಿ ಈ ತೊಂದರೆ ಇಲ್ಲ. ಪೆನ್ ಡ್ರೈವ್ ಎಫ್‌ಎಟಿ32 ಎಂಬ ಫಾರ್ಮ್ಯಾಟ್‌ನಲ್ಲಿರಲಿ. 64 ಜಿಬಿ ಮತ್ತು ಅದಕ್ಕಿಂತ ದೊಡ್ಡವು ಹೆಚ್ಚಾಗಿ ಎಕ್ಸ್‌ಫ್ಯಾಟ್‌ನಲ್ಲಿ ಬರುತ್ತವೆ, ಎಲ್ಲ ಸ್ಟೀರಿಯೊಗಳೂ ಅದನ್ನು ಓದುವುದಿಲ್ಲ.

ಮರುಪ್ರಶ್ನೆ: ಮೈಸೂರಿನ ಕೇಳುಗ

ಎಲ್ಲರಿಗೂ ಕೃತಜ್ಞತೆಗಳು. ತಮ್ಮನಿಗೆ ಬೇಡವೆಂದು ಹೇಳಿದೆ, ಕಾರಣ ಕೇಳಿ ಅವನೂ ಒಪ್ಪಿದ. ಇನ್ನೊಂದೇ ಸಂದೇಹ: ಅಂಗಡಿಯ ಗೋಡೆಯ ಮೇಲೆ ಸಾಲಾಗಿ ಜೋಡಿಸಿದ ಸ್ಪೀಕರ್‌ಗಳನ್ನು ಒಂದೊಂದಾಗಿ ಹಾಕಿ ಕೇಳಿಸಿದಾಗ ಪ್ರತಿ ಸಲವೂ ದುಬಾರಿಯದೇ ಚೆನ್ನಾಗಿ ಕೇಳಿಸಿತು. ಆ ಅನುಭವವನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಉತ್ತರ: ಓಮ್ ನಿಯಮ

ಸ್ಪೀಕರ್ ಮೊದಲು ಎಂಬ ಶ್ರುತಿಪೆಟ್ಟಿಗೆಯವರ ಮಾತು ಬ್ಲೂಟೂತ್ ಇರುವ ಕಾರಿಗೆ ಸರಿ. ನಿಮ್ಮದರಲ್ಲಿ ಅದಿಲ್ಲವಾದ್ದರಿಂದ ಸ್ಟೀರಿಯೊ ತಪ್ಪಿದ್ದಲ್ಲ. 25,000ದಲ್ಲಿ ಅದನ್ನು ಸಾಧಾರಣ ಬೆಲೆಯದರಲ್ಲೇ ಮುಗಿಸಿ, ಉಳಿದದ್ದನ್ನು ಮುಂದಿನ ಜೋಡಿ ಸ್ಪೀಕರಿಗೆ ಇಡಿ.

ಗೋಡೆಯ ಮೇಲಿನ ಸ್ಪೀಕರ್ ಬಗ್ಗೆ ನಿಮ್ಮ ಸಂದೇಹ ನ್ಯಾಯವಾದದ್ದು. ಎರಡು ದನಿಗಳಲ್ಲಿ ತುಸು ಜೋರಾಗಿರುವುದೇ ನಮ್ಮ ಕಿವಿಗೆ ಚೆನ್ನಾಗಿ ಕೇಳುತ್ತದೆ. ಸೆನ್ಸಿಟಿವಿಟಿ ಹೆಚ್ಚಿರುವ ಸ್ಪೀಕರಿಗೆ ಬದಲಿಸಿದ ಕೂಡಲೇ ವಾಲ್ಯೂಮ್ ಮುಟ್ಟದೆಯೇ ಸದ್ದು ಏರುತ್ತದೆ, ಗುಣ ಏರಿತೆಂದು ನಾವು ತಿಳಿಯುತ್ತೇವೆ. ಫೋನಿನಲ್ಲಿ ಶಬ್ದಮಟ್ಟ ಅಳೆಯುವ ಆ್ಯಪ್ ಹಾಕಿಕೊಂಡು, ನಿಂತ ಜಾಗ ಬದಲಿಸದೆ, ಎರಡರಲ್ಲೂ ಒಂದೇ ಅಂಕಿ ಬರುವಂತೆ ವಾಲ್ಯೂಮ್ ಹೊಂದಿಸಿ ಹೋಲಿಸಿರಿ. ಅದಕ್ಕೂ ಮುಂಚೆ ಈಕ್ವಲೈಸರಿನ ಎಲ್ಲ ಬ್ಯಾಂಡ್‌ಗಳನ್ನೂ ಸೊನ್ನೆಗೆ ತರಿಸಿ, ಲೌಡ್‌ನೆಸ್ ಮತ್ತು ಬಾಸ್ ಬೂಸ್ಟ್ ನಿಲ್ಲಿಸಲು ಹೇಳಿ. ಸಣ್ಣ ಸದ್ದಿನಲ್ಲಿ ಕಿವಿಗೆ ಮಂದ್ರ ಕಡಿಮೆ ಕೇಳುತ್ತದೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಅದನ್ನು ಸರಿದೂಗಿಸಲು ಹುಟ್ಟಿದ ಲೌಡ್‌ನೆಸ್ ಗುಂಡಿಯನ್ನು ಅಂಗಡಿಯಲ್ಲಿ ದೊಡ್ಡ ಸದ್ದಿಗೂ ಒತ್ತಿಟ್ಟಿರುತ್ತಾರೆ. ಅವರ ಹಾಡು ಬೇಡ, ನಿಮ್ಮದನ್ನೇ ಹಾಕಿಸಿ: ತಂಬೂರಿಯ ಜೊತೆ ಒಂಟಿ ದನಿ ಇರುವ ಒಂದು ಆಲಾಪನೆ, ತನಿಯಾವರ್ತನದ ಒಂದು ತುಣುಕು, ಮತ್ತು ನಿಮಗೆ ಬಾಯಿಪಾಠವಾಗಿರುವ ಒಂದು ವಚನ. “ಸ, ಶ, ಷ” ಚುಚ್ಚುತ್ತವೆಯೇ, ತಂಬೂರಿಯ ಜೀವಾಳದ ಝೇಂಕಾರ ಉಳಿಯುತ್ತದೆಯೇ ಎಂದು ಗಮನಿಸಿ. ಇಷ್ಟಾದರೂ ಗೋಡೆಯ ಹಲಗೆ ನಿಮ್ಮ ಕಾರಿನ ಬಾಗಿಲಲ್ಲ. ಬಾಗಿಲಿನ ತಗಡಿಗೆ ಅಂಟಿಸುವ, ಅದರ ನಡುಕ ತಗ್ಗಿಸುವ ಡ್ಯಾಂಪಿಂಗ್ ಹಾಳೆಗೆ ಒಂದಿಷ್ಟು ಹಣ ಉಳಿಸಿಟ್ಟರೆ ದುಬಾರಿ ಸ್ಪೀಕರಿಗೆ ಸುರಿಯುವುದಕ್ಕಿಂತ ಹೆಚ್ಚು ಫಲ ಸಿಗುತ್ತದೆ.

ಕರೆಯ ಸ್ಪಷ್ಟತೆಗೆ ಹೊರಗೆ ಇಡುವ ಮೈಕ್ ಇರುವ ಮಾದರಿಯನ್ನೇ ಕೊಳ್ಳಿ, ಅದನ್ನು ಸನ್ ವೈಸರ್ ಬಳಿ ಅಥವಾ ಮುಂಗಾಜಿನ ಪಕ್ಕದ ಕಂಬದ ಮೇಲ್ಭಾಗದಲ್ಲಿ ಕೂರಿಸಿರಿ. ಏಸಿಯ ಗಾಳಿ ನೇರವಾಗಿ ಬೀಸುವಲ್ಲಿ ಬೇಡ. ಬ್ಲೂಟೂತ್ ಕೊಡೆಕ್‌ಗಳಲ್ಲಿ (ಹಾಡನ್ನು ಕುಗ್ಗಿಸಿ ಕಳುಹಿಸುವ ವಿಧಾನಗಳಲ್ಲಿ) ಎಸ್‌ಬಿಸಿ ಎಲ್ಲದರಲ್ಲೂ ಇರುತ್ತದೆ. ನಿಮ್ಮದು ಐಫೋನ್ ಆದರೆ ಎಎಸಿ ಇದೆಯೇ ನೋಡಿ, ಎಲ್‌ಡಿಎಸಿಗೆ ಹೆಚ್ಚು ಹಣ ಕೊಡಬೇಡಿ, ಐಫೋನ್ ಅದನ್ನು ಕಳುಹಿಸುವುದಿಲ್ಲ. ವಾಲ್ಯೂಮಿಗೆ ತಿರುಗಿಸುವ ಗುಂಡಿಯೋ ಒತ್ತುವ ಕೀಲಿಯೋ ಇರಲಿ. ಓಡಿಸುತ್ತಿರುವಾಗ ನುಣುಪಾದ ಗಾಜಿನ ಮೇಲೆ ಬೆರಳಿಗೆ ಜಾಗ ಹುಡುಕಿಸುವ ಸ್ಟೀರಿಯೊ ಎಷ್ಟೇ ಇಂಪಾಗಿದ್ದರೂ ನಾನು ಕೊಳ್ಳಲಾರೆ.

ಪೆಟ್ಟಿಗೆಯ ಮೇಲೆ ಆಮದು ಮಾಡಿದವರ ಹೆಸರು ವಿಳಾಸ, ಗರಿಷ್ಠ ಬೆಲೆ, ಗ್ರಾಹಕ ಸೇವೆಯ ಸಂಪರ್ಕ ಅಚ್ಚಾಗಿರಬೇಕೆಂಬುದು 2011ರ ಪೊಟ್ಟಣ ಸರಕುಗಳ ನಿಯಮ. ಅದಿಲ್ಲದ್ದನ್ನು ಅಗ್ಗವೆಂದು ಕೊಂಡರೆ ವಾರಂಟಿ ಕೇಳಲು ಬಾಗಿಲೇ ಇರುವುದಿಲ್ಲ. ಬಿಲ್ಲಿನಲ್ಲಿ ಸೀರಿಯಲ್ ಸಂಖ್ಯೆ ಬರೆಸಿ, ಪೆಟ್ಟಿಗೆಯದಕ್ಕೂ ಸ್ಟೀರಿಯೊದ ಮೈಮೇಲಿನದಕ್ಕೂ ತಾಳೆ ನೋಡಿ. ಅಳವಡಿಕೆ ಮುಗಿದ ಮೇಲೆ ಡ್ಯಾಶ್‌ಬೋರ್ಡ್ ಮುಚ್ಚುವ ಮುನ್ನವೇ ಎಂಜಿನ್ ಚಾಲೂ ಮಾಡಿ, ವಾಲ್ಯೂಮ್ ಸಣ್ಣದಿಟ್ಟು ಆಕ್ಸಿಲರೇಟರ್ ಒತ್ತಿ. ಎಂಜಿನ್ನಿನ ವೇಗದೊಂದಿಗೆ ಏರುವ ಕೀರಲು ದನಿ ಸ್ಪೀಕರಿನಲ್ಲಿ ಕೇಳಿದರೆ ಅರ್ತ್ ಸರಿಯಾಗಿ ಕೂತಿಲ್ಲದಿರುವ ಸಾಧ್ಯತೆಯೇ ಹೆಚ್ಚು, ಆಗಲೇ ಸರಿಪಡಿಸಿಕೊಳ್ಳಿ. ಫೇಡರ್ ಮತ್ತು ಬ್ಯಾಲನ್ಸ್ ತಿರುಗಿಸಿ ಎಡಬಲ, ಮುಂದುಹಿಂದು ತಮ್ಮ ತಮ್ಮ ಜಾಗದಲ್ಲೇ ನುಡಿಯುತ್ತಿವೆಯೇ ನೋಡಿ. ಬ್ಯಾಲನ್ಸ್ ನಡುವೆ ಇದ್ದಾಗ ಮಂದ್ರ ಕ್ಷೀಣಿಸಿ, ಒಂದೇ ಬದಿಗೆ ಸರಿಸಿದಾಗ ತುಂಬಿಕೊಂಡರೆ ಒಂದು ಸ್ಪೀಕರಿನ ಧನ ಋಣ ತಿರುಗಿಹೋಗಿದೆ ಎಂದರ್ಥ. ಅದನ್ನು ಅಲ್ಲೇ ತಿರುಗಿಸಿ ಹಾಕಿಸಿ, ಆಮೇಲೆ ಹಣ ಕೊಡಿ.